ಬಾಗಿಲಿಗೆ ನಾಲ್ಕು ತೂತು

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ರೂಮಿನ ಮುಂದಿಂದ ಒಂದೇ ತಿಂಗಳಲ್ಲಿ ಮೂರು ಸಲ ಚಪ್ಪಲಿ ಕಾಣೆಯಾಯ್ತು. ಮೂರೂ ಸಲ ಒಂದೊಂದೇ ಕಾಲಿನದು. ನಾವು ನಾಲ್ಕು ಜನ ಕಾಲೇಜಿನ ಹಿಂದಿನ ರಸ್ತೆಯಲ್ಲಿ ಬಾಡಿಗೆ ಮನೆ ಮಾಡ್ಕೊಂಡಿರೋರು, ಸಿಸಿಟಿವಿ ಹಾಕಿಸೋಷ್ಟು ದುಡ್ಡು ಯಾರ ಹತ್ರಾನೂ ಇಲ್ಲ. ಆದ್ರೆ ಸ್ಕ್ರೀನ್ ಒಡೆದ ಹಳೇ ಫೋನ್ ಒಂದು ಡ್ರಾಯರ್‌ನಲ್ಲಿ ಬಿದ್ದಿತ್ತು. ಅದಕ್ಕೆ ಒಂದು ಫ್ರೀ ಆ್ಯಪ್ ಹಾಕಿ, ಕಿಟಕಿ ಸರಳಿಗೆ ರಬ್ಬರ್ ಬ್ಯಾಂಡ್‌ನಲ್ಲಿ ಕಟ್ಟಿ, ವೈಫೈಗೆ ಸೇರಿಸಿದ್ವಿ. ಹತ್ತು ನಿಮಿಷದ ಕೆಲಸ. ಬಾಗಿಲ ಮುಂದೆ ಏನಾದರೂ ಅಲ್ಲಾಡಿದರೆ ಕ್ಲಾಸ್‌ನಲ್ಲಿ ಕೂತ ನಮ್ಮ ಫೋನಿಗೆ ನೋಟಿಫಿಕೇಶನ್ ಬರುತ್ತೆ.

ಮೊದಲನೇ ದಿನವೇ ಕಳ್ಳ ಸಿಕ್ಕಿಬಿದ್ದ. ಬೀದಿಯ ಕಂದು ನಾಯಿ. ಮ್ಯಾಥ್ಸ್ ಕ್ಲಾಸ್ ಮಧ್ಯದಲ್ಲಿ ಫೋನ್ ತೆಗೆದು ನೋಡಿದರೆ ನಾಲ್ಕನೇ ಚಪ್ಪಲಿಯನ್ನು ಬಾಯಲ್ಲಿಟ್ಟುಕೊಂಡು ಆರಾಮಾಗಿ ಮೆಟ್ಟಿಲು ಇಳೀತಾ ಇದೆ. ನಾವು ಲೈವ್ ಆಗಿ ನೋಡಿದ್ವಿ, ಅಷ್ಟೆ. ಏನೂ ಮಾಡೋಕಾಗಲಿಲ್ಲ.

ನಗು ಬಂತು ನಿಜ, ಆದರೆ ನೋಡಿಯೂ ಏನೂ ಮಾಡಲಾಗದೆ ಕೂತಿದ್ದು ತಲೇಲಿ ಉಳೀತು. ಆಮೇಲೆ, ಮನೆ ಬಾಗಿಲಿಗೆ ಕ್ಯಾಮೆರಾ ಇಡಬೇಕು ಅನ್ನೋದು ಮೊದಲು ಯಾರಿಗೆ ಹೊಳೀತು ಅಂತ ಹುಡುಕ್ತಾ ಹೋದ್ವಿ. ಯಾವುದೋ ದೊಡ್ಡ ಕಂಪನಿಯ ಲ್ಯಾಬ್ ಇರಬೇಕು ಅಂದುಕೊಂಡಿದ್ವಿ. ಸಿಕ್ಕಿದ್ದು ಒಬ್ಬ ನರ್ಸ್. ಹೆಸರು ಮೇರಿ ವ್ಯಾನ್ ಬ್ರಿಟನ್ ಬ್ರೌನ್. ಪ್ರತಿ ಫೆಬ್ರವರಿಯಲ್ಲಿ, ಅಮೆರಿಕದಲ್ಲಿ ಕಪ್ಪು ಜನಾಂಗದ ಇತಿಹಾಸ ನೆನೆಯುವ ತಿಂಗಳಲ್ಲಿ, ಇವರ ಫೋಟೋ ಎಲ್ಲಾ ಕಡೆ ಓಡಾಡುತ್ತೆ. ಫೋಟೋ ಕೆಳಗಿನ ಎರಡು ಸಾಲು ಓದಿ ಮುಂದೆ ಹೋಗುವವರೇ ಜಾಸ್ತಿ. ನಾವೂ ಮೊದಲು ಹಾಗೇ ಮಾಡಿದ್ವಿ.

ಮೇರಿ ಹುಟ್ಟಿದ್ದು 1922ರ ಅಕ್ಟೋಬರ್ 30ರಂದು, ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದ ಜಮೈಕಾ ಎಂಬ ಪ್ರದೇಶದಲ್ಲಿ. ಉಸೇನ್ ಬೋಲ್ಟ್‌ನ ಜಮೈಕಾ ದೇಶ ಬೇರೆ, ಇದು ಬೇರೆ. ಇದು ನ್ಯೂಯಾರ್ಕ್‌ನದೇ ಒಂದು ಏರಿಯಾ. ತಂದೆ ಮ್ಯಾಸಚೂಸೆಟ್ಸ್ ಕಡೆಯವರು, ತಾಯಿ ಪೆನ್ಸಿಲ್ವೇನಿಯಾದವರು. ಮೇರಿ ಬೆಳೆದು ನರ್ಸ್ ಆದರು. ಆಲ್ಬರ್ಟ್ ಬ್ರೌನ್ ಎಂಬ ಎಲೆಕ್ಟ್ರಾನಿಕ್ಸ್ ಟೆಕ್ನಿಷಿಯನ್‌ನನ್ನು ಮದುವೆಯಾದರು. ಇಬ್ಬರು ಮಕ್ಕಳು. ಹುಟ್ಟಿದ ಊರನ್ನು ಬಿಟ್ಟು ಹೋಗಲಿಲ್ಲ, ಅಲ್ಲೇ ಸಂಸಾರ ಮಾಡಿದರು.

ನರ್ಸ್ ಕೆಲಸ ಅಂದ್ರೆ ಶಿಫ್ಟ್. ಆಲ್ಬರ್ಟ್ ಕೆಲಸಕ್ಕೂ ಹೊತ್ತುಗೊತ್ತು ಇರಲಿಲ್ಲ. ಗಂಡ ಮನೇಲಿದ್ದಾಗ ಹೆಂಡತಿ ಆಸ್ಪತ್ರೆಯಲ್ಲಿ, ಹೆಂಡತಿ ಮನೇಲಿದ್ದಾಗ ಗಂಡ ಹೊರಗೆ. ಹಾಗಾಗಿ ಎಷ್ಟೋ ರಾತ್ರಿ ಮೇರಿ ಒಬ್ಬರೇ ಮನೆಯಲ್ಲಿ ಇರಬೇಕಾಗುತ್ತಿತ್ತು. ನಮ್ಮಲ್ಲಿ ಯಾರ ಅಮ್ಮ ಅಥವಾ ಅಕ್ಕ ನರ್ಸ್ ಆಗಿದ್ದಾರೋ ಅವರಿಗೆ ಇದನ್ನ ವಿವರಿಸಿ ಹೇಳಬೇಕಾಗಿಲ್ಲ.

ಆ ಕಾಲದ ನ್ಯೂಯಾರ್ಕ್ ಬಗ್ಗೆ ಸ್ವಲ್ಪ ಹೇಳಲೇಬೇಕು. 1960ರ ದಶಕದಲ್ಲಿ ಅಲ್ಲಿ ಕಳ್ಳತನ, ಹಲ್ಲೆ, ಕೊಲೆ ವರ್ಷದಿಂದ ವರ್ಷಕ್ಕೆ ಏರುತ್ತಾ ಹೋದವು. 1964ರ ಮಾರ್ಚ್ 13ರಂದು ಬೆಳಗಿನ ಜಾವ ಕಿಟ್ಟಿ ಜಿನೋವೀಸ್ ಎಂಬ 28 ವರ್ಷದ ಯುವತಿ ಕೆಲಸ ಮುಗಿಸಿ ವಾಪಸ್ ಬರುವಾಗ ತನ್ನ ಮನೆಯ ಹತ್ತಿರವೇ ಕೊಲೆಯಾದಳು. ಅದು ನಡೆದದ್ದು ಕ್ಯೂ ಗಾರ್ಡನ್ಸ್‌ನಲ್ಲಿ, ಅಂದರೆ ಕ್ವೀನ್ಸ್‌ನಲ್ಲೇ, ಜಮೈಕಾದ ಪಕ್ಕದಲ್ಲಿ. 38 ಜನ ನೋಡಿಯೂ ಸುಮ್ಮನಿದ್ದರು ಅಂತ ಪತ್ರಿಕೆ ಬರೆಯಿತು. ಆ ಲೆಕ್ಕ ಉತ್ಪ್ರೇಕ್ಷೆ ಅಂತ ಆಮೇಲೆ ಗೊತ್ತಾಯ್ತು, ಆದರೆ ಆ ಸುದ್ದಿ ಓದಿದ ಊರಿನ ಹೆಂಗಸರಿಗೆ ಎಷ್ಟು ಭಯ ಆಗಿರಬೇಕು, ಯೋಚಿಸಿ. ಅದೇ ವರ್ಷ ಜುಲೈನಲ್ಲಿ ಪೊಲೀಸ್ ಅಧಿಕಾರಿಯೊಬ್ಬನ ಗುಂಡಿಗೆ ಹದಿನೈದು ವರ್ಷದ ಕಪ್ಪು ಹುಡುಗನೊಬ್ಬ ಸತ್ತು, ಹಾರ್ಲೆಮ್‌ನಲ್ಲಿ ದಿನಗಟ್ಟಲೆ ಗಲಭೆ ನಡೆಯಿತು. ಕಪ್ಪು ಜನರ ಮನೆಗಳಿಂದ ಕರೆ ಹೋದರೆ ಪೊಲೀಸರು ಬರೋದು ತಡ ಅನ್ನೋದು ಅಲ್ಲಿನವರ ಅನುಭವ. ಮೇರಿ ಕಪ್ಪು ಜನಾಂಗದವರು.

ಕರೆ ಮಾಡೋದಾದ್ರೂ ಹೇಗೆ? ಅಮೆರಿಕದ ಪ್ರಸಿದ್ಧ 911 ನಂಬರ್ ಆಗಿನ್ನೂ ಹುಟ್ಟೇ ಇರಲಿಲ್ಲ. ಅದು ಶುರುವಾದದ್ದು 1968ರಲ್ಲಿ, ನ್ಯೂಯಾರ್ಕ್‌ಗೆ ಬಂದದ್ದೂ ಅದೇ ವರ್ಷ. ಅದಕ್ಕೂ ಮುಂಚೆ ಆಪರೇಟರ್‌ಗೆ ಹೇಳಬೇಕು, ಇಲ್ಲಾ ಪೊಲೀಸರ ಉದ್ದದ ನಂಬರನ್ನು ನೆನಪಿಟ್ಟುಕೊಂಡು ಕತ್ತಲಲ್ಲಿ ಡಯಲ್ ತಿರುಗಿಸುತ್ತಾ ಕೂರಬೇಕು.

ಈಗ ಮೇರಿಯವರ ರಾತ್ರಿಯನ್ನ ಊಹಿಸಿಕೊಳ್ಳಿ. ಹೊತ್ತಲ್ಲದ ಹೊತ್ತಲ್ಲಿ ಬಾಗಿಲು ತಟ್ಟುವ ಸದ್ದಾಗುತ್ತೆ. ಯಾರು ಅಂತ ತಿಳಿಯಬೇಕಾದರೆ ಎದ್ದು ಬಾಗಿಲ ತನಕ ಹೋಗಬೇಕು. ಹೋಗುವಾಗ ಹೆಜ್ಜೆ ಸಪ್ಪಳ ಹೊರಗೆ ಕೇಳಿಸುತ್ತೆ. ಇಣುಕುಕಿಂಡಿಗೆ ಕಣ್ಣಿಟ್ಟರೆ ಹೊರಗಿನವನಿಗೂ ನಮಗೂ ಮಧ್ಯೆ ಇರೋದು ಒಂದು ಹಲಗೆ ಮಾತ್ರ. ಅವನು ಪಕ್ಕಕ್ಕೆ ಸರಿದು ನಿಂತಿದ್ದರೆ ಕಾಣಿಸೋದೂ ಇಲ್ಲ. ಯಾರು ಅಂತ ಕೂಗಿ ಕೇಳಿದರೆ ಒಳಗೆ ಹೆಂಗಸು ಇದ್ದಾಳೆ ಅಂತ ನಾವೇ ಹೇಳಿದ ಹಾಗಾಯ್ತು. ಅಂದರೆ ಅಪಾಯ ಇದೆಯಾ ಇಲ್ವಾ ಅಂತ ತಿಳಿಯೋದಕ್ಕೇ ಅಪಾಯದ ಹತ್ತಿರ ಹೋಗಬೇಕು. ನಮಗೆ ಮೇರಿಯವರ ಬುದ್ಧಿವಂತಿಕೆ ಕಂಡಿದ್ದು ಇಲ್ಲೇ. ಅವರಿಗೆ ಬೇಕಾಗಿದ್ದು ಇನ್ನೂ ಗಟ್ಟಿ ಬಾಗಿಲಾಗಲಿ ದೊಡ್ಡ ಬೀಗವಾಗಲಿ ಅಲ್ಲ. ಬಾಗಿಲ ಹತ್ತಿರ ಹೋಗದೇ ಬಾಗಿಲ ಆಚೆ ನೋಡೋದು ಹೇಗೆ ಅನ್ನೋದು ಅವರ ಪ್ರಶ್ನೆ. ಕಾಲೇಜಿನಲ್ಲಿ ಪ್ರಾಬ್ಲಂ ಸ್ಟೇಟ್‌ಮೆಂಟ್ ಬರೆಯಿರಿ ಅಂದ್ರೆ ನಾವು ಒಂದು ಪುಟ ತುಂಬಿಸ್ತೀವಿ, ಇವರದ್ದು ಒಂದೇ ಸಾಲು.

ಪ್ರಶ್ನೆ ಮೇರಿಯವರದು. ಸರ್ಕ್ಯೂಟ್ ಗೊತ್ತಿದ್ದ ಗಂಡ ಪಕ್ಕದಲ್ಲಿದ್ದರು. ಇಬ್ಬರೂ ಸೇರಿ ಒಂದು ವ್ಯವಸ್ಥೆ ರೂಪಿಸಿದರು.

ಅದನ್ನು ಬಿಡಿಸಿ ನೋಡೋಣ. ಮುಂಬಾಗಿಲಿಗೆ ಒಂದರ ಮೇಲೊಂದು ನಾಲ್ಕು ಇಣುಕುಕಿಂಡಿ. ಬಾಗಿಲ ಒಳಬದಿಗೆ ಒಂದು ಪೆಟ್ಟಿಗೆ, ಅದರೊಳಗೆ ಟಿವಿ ಕ್ಯಾಮೆರಾ. ಕ್ಯಾಮೆರಾ ಒಂದು ಹಳಿಯ ಮೇಲೆ ಮೋಟಾರ್‌ನಿಂದ ಮೇಲೆ ಕೆಳಗೆ ಚಲಿಸುತ್ತೆ, ಯಾವ ತೂತಿನ ಎದುರು ಬೇಕೋ ಅಲ್ಲಿ ನಿಲ್ಲುತ್ತೆ. ಎತ್ತರದ ಮನುಷ್ಯ ಬಂದರೆ ಮೇಲಿನ ತೂತು, ಮಗು ಬಂದರೆ ಕೆಳಗಿನದು. ಮಲಗುವ ಕೋಣೆಯಲ್ಲಿ ಒಂದು ಟಿವಿ ಪರದೆ, ಚಿತ್ರ ಅಲ್ಲಿಗೆ ಬರುತ್ತೆ. ಬಾಗಿಲ ಹೊರಗೂ ಒಳಗೂ ಮೈಕ್ ಮತ್ತು ಸ್ಪೀಕರ್, ಹಾಸಿಗೆಯಿಂದಲೇ ಹೊರಗಿನವರನ್ನು ಮಾತಾಡಿಸಬಹುದು. ಗೊತ್ತಿರೋ ಜನ ಆದರೆ ಒಂದು ಬಟನ್ ಒತ್ತಿದರೆ ಬಾಗಿಲಿನ ವಿದ್ಯುತ್ ಬೀಗ ತೆರೆದುಕೊಳ್ಳುತ್ತೆ. ಅನುಮಾನ ಬಂದರೆ ಇನ್ನೊಂದು ಬಟನ್, ಅದು ರೇಡಿಯೊ ಮೂಲಕ ಕಾವಲಿನವರಿಗೆ ಅಥವಾ ಪೊಲೀಸರಿಗೆ ಎಚ್ಚರಿಕೆ ಕಳಿಸುತ್ತೆ.

ನಾಲ್ಕು ತೂತು ಯಾಕೆ, ಒಂದೇ ಅಗಲವಾದ ಲೆನ್ಸ್ ಹಾಕಬಹುದಿತ್ತಲ್ವಾ ಅಂತ ನಮ್ಮಲ್ಲೂ ಜಗಳ ಆಯ್ತು. ಆಗಿನ ಕ್ಯಾಮೆರಾ ಹೇಗಿತ್ತು ಅಂತ ನೋಡಿದ ಮೇಲೆ ಸುಮ್ಮನಾದ್ವಿ. ಆಗ ಸಾಮಾನ್ಯವಾಗಿ ಬಳಕೆಯಲ್ಲಿದ್ದದ್ದು ವಿಡಿಕಾನ್ ಎಂಬ ಗಾಜಿನ ಟ್ಯೂಬ್. ಮುಂದೆ ಬೆಳಕಿಗೆ ಸ್ಪಂದಿಸುವ ಒಂದು ಪದರ, ಹಿಂದಿನಿಂದ ಎಲೆಕ್ಟ್ರಾನ್ ಕಿರಣ ಅದನ್ನ ಸಾಲು ಸಾಲಾಗಿ ಗುಡಿಸಿಕೊಂಡು ಹೋಗುತ್ತೆ, ಅಮೆರಿಕದ ಟಿವಿ ಲೆಕ್ಕದಲ್ಲಿ 525 ಸಾಲು, ಸೆಕೆಂಡಿಗೆ 30 ಚಿತ್ರ. ಇದು ರಬ್ಬರ್ ಬ್ಯಾಂಡ್‌ನಲ್ಲಿ ಕಟ್ಟೋ ವಸ್ತು ಅಲ್ಲ. ಕಣ್ಣಿಡುವ ತೂತೂ ಚಿಕ್ಕದಿರಬೇಕು, ಯಾಕಂದ್ರೆ ದೊಡ್ಡ ತೂತು ಕೊರೆದರೆ ಬಾಗಿಲೇ ದುರ್ಬಲ. ಚಿಕ್ಕ ತೂತಿನಿಂದ ಕಾಣೋದು ಸ್ವಲ್ಪ. ಹಾಗಾದ್ರೆ ತೂತು ಜಾಸ್ತಿ ಮಾಡೋಣ, ಕಣ್ಣನ್ನೇ ಓಡಾಡಿಸೋಣ. ಸಾಫ್ಟ್‌ವೇರ್ ಇಲ್ಲದ ಕಾಲದಲ್ಲಿ ಇದು ಎಷ್ಟು ನೇರವಾದ ಉತ್ತರ! ಡ್ರಾಯಿಂಗ್ ನೋಡಿದರೆ ಮೆಕ್ಯಾನಿಕಲ್ ಬ್ರಾಂಚಿನವರಿಗೆ ಖುಷಿಯಾಗುತ್ತೆ, ನಮ್ಮ ರೂಮಿನ ಮೆಕ್ಯಾನಿಕಲ್ ಹುಡುಗ ಆ ಚಿತ್ರವನ್ನ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದ್ದಾನೆ.

1966ರ ಆಗಸ್ಟ್ 1ರಂದು ಇಬ್ಬರೂ ಪೇಟೆಂಟ್‌ಗೆ ಅರ್ಜಿ ಹಾಕಿದರು. ಅರ್ಜಿಯಲ್ಲಿ ಮೊದಲ ಹೆಸರು ಮೇರಿಯವರದು, ಎರಡನೆಯದು ಆಲ್ಬರ್ಟ್‌ರದು. 1960ರ ದಶಕದಲ್ಲಿ ಎಲೆಕ್ಟ್ರಾನಿಕ್ಸ್ ಪೇಟೆಂಟ್ ಒಂದರಲ್ಲಿ ನರ್ಸ್ ಹೆಸರು ಮುಂದೆ, ಟೆಕ್ನಿಷಿಯನ್ ಹೆಸರು ಹಿಂದೆ. ಆ ಕ್ರಮ ನಮಗೆ ತುಂಬಾ ಇಷ್ಟ ಆಯ್ತು.

ಪೇಟೆಂಟ್ ಸಿಗೋಕೆ ಮೂರು ವರ್ಷ ನಾಲ್ಕು ತಿಂಗಳು ಹಿಡಿಯಿತು. 1969ರ ಡಿಸೆಂಬರ್ 2ರಂದು ಮಂಜೂರಾಯ್ತು, ಸಂಖ್ಯೆ 3,482,037. ಕಾಯುತ್ತಿದ್ದ ಆ ಅವಧಿಯಲ್ಲೇ, 1969ರ ಜುಲೈನಲ್ಲಿ, ಟಿವಿ ಕ್ಯಾಮೆರಾ ಚಂದ್ರನ ಮೇಲೆ ಹೋಗಿ ಮನುಷ್ಯನ ಹೆಜ್ಜೆಯನ್ನ ಲೈವ್ ಆಗಿ ತೋರಿಸಿತ್ತು. ಮನೆ ಬಾಗಿಲ ಮೇಲೆ ಮಾತ್ರ ಇನ್ನೂ ಬಂದಿರಲಿಲ್ಲ. ಡಿಸೆಂಬರ್ 6ರಂದು ನ್ಯೂಯಾರ್ಕ್ ಟೈಮ್ಸ್ ಇವರ ಬಗ್ಗೆ ಬರೆಯಿತು. ಮೇರಿಯವರಿಗೆ ಆಗ 47 ವರ್ಷ.

ಇಲ್ಲಿ ಒಂದು ವಿಷಯ ಕಡ್ಡಾಯವಾಗಿ ಹೇಳಬೇಕು. ಆ ಫಾರ್ವರ್ಡ್‌ಗಳಲ್ಲಿ ಮೇರಿ ಸಿಸಿಟಿವಿಯನ್ನೇ ಕಂಡುಹಿಡಿದರು ಅಂತ ಇರುತ್ತೆ. ಅದು ತಪ್ಪು. 1942ರಲ್ಲೇ ಜರ್ಮನಿಯಲ್ಲಿ ವಾಲ್ಟರ್ ಬ್ರುಕ್ ಎಂಬ ಎಂಜಿನಿಯರ್ ಪೀನೆಮುಂಡೆಯಲ್ಲಿ ವಿ-2 ರಾಕೆಟ್ ಹಾರುವುದನ್ನ ದೂರದಿಂದ ನೋಡೋಕೆ ಇಂಥ ವ್ಯವಸ್ಥೆ ಮಾಡಿದ್ದ. ಅಲ್ಲಿ ಕ್ಯಾಮೆರಾ ಯಾಕೆ ಬೇಕಿತ್ತು ಅಂದ್ರೆ ರಾಕೆಟ್ ಸಿಡಿದರೆ ಹತ್ತಿರ ನಿಂತವರು ಸಾಯ್ತಾರೆ. ಯೋಚನೆ ಮಾಡಿದರೆ ಇಬ್ಬರ ಕಾರಣವೂ ಒಂದೇ, ಅಪಾಯದ ಹತ್ತಿರ ಹೋಗದೆ ನೋಡಬೇಕು. ಆದರೆ ಒಂದು ಕಡೆ ಇಡೀ ಸೈನ್ಯದ ದುಡ್ಡು, ಇನ್ನೊಂದು ಕಡೆ ನರ್ಸ್ ಸಂಬಳ. ಮೇರಿ ಮಾಡಿದ್ದು ಕ್ಯಾಮೆರಾವನ್ನು ಒಬ್ಬ ಸಾಮಾನ್ಯ ಹೆಂಗಸಿನ ಬಾಗಿಲಿಗೆ ತಂದು, ಅದಕ್ಕೆ ಮಾತು, ಬೀಗ, ಎಚ್ಚರಿಕೆ ಮೂರನ್ನೂ ಸೇರಿಸಿದ್ದು. ನಮ್ಮ ದೃಷ್ಟಿಯಲ್ಲಿ ಅದೇನೂ ಕಡಿಮೆ ಸಾಧನೆ ಅಲ್ಲ, ಇಲ್ಲದ್ದನ್ನು ಸೇರಿಸಿ ಹೊಗಳೋ ಅಗತ್ಯವೂ ಇಲ್ಲ.

ಪೇಟೆಂಟ್ ಸಾರಾಂಶದ ಮೊದಲ ಸಾಲಲ್ಲೇ ಇರೋ ಒಂದು ಮಾತು ನಮಗೆ ಆಮೇಲೆ ಪಾಠ ಆಯ್ತು. ಈ ವ್ಯವಸ್ಥೆ ಮನೆಯೊಳಗೆ ವಾಸಿಸುವವರ ಹಿಡಿತದಲ್ಲಿ ಇರುತ್ತೆ ಅಂತ ಅಲ್ಲಿ ಬರೆದಿದೆ. ಮೊದಲು ಓದಿದಾಗ ಗಮನಿಸಿರಲಿಲ್ಲ. ನಮ್ಮ ಫೋನ್ ಕ್ಯಾಮೆರಾ ಹಾಕಿ ಒಂದು ವಾರದ ಮೇಲೆ ಮೇಲಿನ ಮನೆ ಅಜ್ಜಿ ನಮ್ಮನ್ನ ನಿಲ್ಲಿಸಿ, ನಾನು ಮೆಟ್ಟಿಲ ಮೇಲೆ ಕೂತು ಬೇಳೆ ಆರಿಸೋದೂ ನಿಮ್ಮ ಫೋನಲ್ಲಿ ಕಾಣುತ್ತಾ ಅಂತ ಕೇಳಿದರು. ಕಾಣುತ್ತಿತ್ತು. ಅದೂ ಅಲ್ಲದೆ ಆ ವಿಡಿಯೋ ಎಲ್ಲಿ ಸೇವ್ ಆಗ್ತಿದೆ ಅಂತ ನೋಡಿದರೆ ಆ್ಯಪ್ ಕಂಪನಿಯ ಸರ್ವರ್‌ನಲ್ಲಿ. ಅಂದರೆ ಅಜ್ಜಿಯ ಬೇಳೆ ಆರಿಸೋ ವಿಡಿಯೋ ಇನ್ಯಾವುದೋ ದೇಶದ ಕಂಪ್ಯೂಟರ್‌ನಲ್ಲಿ, ಅಜ್ಜಿಯನ್ನ ಒಂದು ಮಾತೂ ಕೇಳದೆ. ಮೇರಿಯವರ ಕ್ಯಾಮೆರಾ ತನ್ನ ಬಾಗಿಲ ತೂತಿನಿಂದ ತನ್ನ ಬಾಗಿಲಿಗೆ ಬಂದವರನ್ನ ಮಾತ್ರ ನೋಡುತ್ತಿತ್ತು, ಚಿತ್ರ ಹೋಗುತ್ತಿದ್ದದ್ದು ಅವರ ಹಾಸಿಗೆ ಪಕ್ಕಕ್ಕೆ. ನಾವು ಅವತ್ತೇ ಫೋನನ್ನ ಒಳಗೆ ತಿರುಗಿಸಿ, ಬಾಗಿಲ ಕೆಳಗಿನ ಚಪ್ಪಲಿ ಸ್ಟ್ಯಾಂಡ್ ಮಾತ್ರ ಕಾಣೋ ಹಾಗೆ ಇಟ್ವಿ. ಆ್ಯಪ್ ಬದಲಾಯಿಸಿ, ನಮ್ಮದೇ ವೈಫೈ ಒಳಗೆ ಮಾತ್ರ ವಿಡಿಯೋ ಕಳಿಸೋ ಇನ್ನೊಂದನ್ನ ಹಾಕಿದ್ವಿ. ಕ್ಲಾಸ್‌ನಲ್ಲಿ ಕೂತು ನೋಡೋ ಮಜಾ ಹೋಯ್ತು, ಹೋಗಲಿ.

ಮೇರಿಯವರ ಕಥೆಗೆ ವಾಪಸ್ ಬರೋಣ. ಪೇಟೆಂಟ್ ಬಂದ ಮೇಲೆ ತಯಾರಕರಿಗೂ ಮನೆ ಕಟ್ಟುವ ಕಂಪನಿಗಳಿಗೂ ಇದನ್ನ ತೋರಿಸಬೇಕು ಅನ್ನೋದು ದಂಪತಿಗಳ ಆಸೆಯಾಗಿತ್ತು. ಆದರೆ ಅವರು ಅಂದುಕೊಂಡ ಹಾಗೆ ಮನೆ ಮನೆಗೆ ಅದು ಹೋಗಲೇ ಇಲ್ಲ. ಕಾರಣ ಊಹಿಸೋದು ಕಷ್ಟ ಅಲ್ಲ. ಕ್ಯಾಮೆರಾ, ಇನ್ನೊಂದು ಟಿವಿ, ಮೋಟಾರ್, ರೇಡಿಯೊ ಉಪಕರಣ, ವಿದ್ಯುತ್ ಬೀಗ, ಕೂರಿಸೋಕೆ ಒಬ್ಬ ಟೆಕ್ನಿಷಿಯನ್. ಯಾರಿಗೆ ಭಯ ಜಾಸ್ತಿ ಇತ್ತೋ ಅವರ ಹತ್ರ ದುಡ್ಡು ಇರಲಿಲ್ಲ. ದುಡ್ಡು ಇದ್ದವರ ಕಟ್ಟಡದ ಬಾಗಿಲಲ್ಲಿ ಕಾವಲುಗಾರ ಇರುತ್ತಿದ್ದ. ತಮ್ಮಂಥವರಿಗಾಗಿ ಮಾಡಿದ ವಸ್ತು ತಮ್ಮಂಥವರ ಕೈಗೇ ಎಟುಕಲಿಲ್ಲ ಅನ್ನೋದು ಈ ಕಥೆಯಲ್ಲಿ ನಮಗೆ ತುಂಬಾ ಬೇಜಾರು ಮಾಡಿದ ವಿಷಯ.

ಆಗಿನ ಅಮೆರಿಕದ ನಿಯಮದ ಪ್ರಕಾರ ಪೇಟೆಂಟ್ ಮಂಜೂರಾದ ದಿನದಿಂದ 17 ವರ್ಷ ಚಾಲ್ತಿಯಲ್ಲಿ ಇರುತ್ತಿತ್ತು. ಲೆಕ್ಕ ಹಾಕಿದರೆ 1986ರ ಡಿಸೆಂಬರ್. ಮನೆಗಳಿಗೆ ಕ್ಯಾಮೆರಾ ನಿಜವಾಗಿ ಅಗ್ಗವಾಗಿ ಬಂದದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಅಷ್ಟರಲ್ಲಿ ಆ ಐಡಿಯಾ ಎಲ್ಲರದೂ ಆಗಿತ್ತು, ಯಾರೂ ಅವರಿಗೆ ಒಂದು ಪೈಸೆ ಕೊಡಬೇಕಾಗಿರಲಿಲ್ಲ. ಆಮೇಲಿನ ಮೂವತ್ತಕ್ಕೂ ಹೆಚ್ಚು ಪೇಟೆಂಟ್‌ಗಳು ಇವರ ಪೇಟೆಂಟನ್ನ ಉಲ್ಲೇಖಿಸಿವೆ. ನಮ್ಮ ಪ್ರೊಫೆಸರ್‌ಗಳ ಭಾಷೆಯಲ್ಲಿ ಹೇಳೋದಾದ್ರೆ ಸೈಟೇಷನ್ ಚೆನ್ನಾಗಿದೆ.

ಅಗ್ಗ ಮಾಡಿದ್ದು ಬೇರೆ ಒಂದು ಕಥೆ, ಅದೂ 1969ರಲ್ಲೇ ಶುರುವಾಗುತ್ತೆ. ಮೇರಿಯವರಿಗೆ ಪೇಟೆಂಟ್ ಸಿಗೋ ಸುಮಾರು ಒಂದೂವರೆ ತಿಂಗಳು ಮುಂಚೆ, ಪಕ್ಕದ ನ್ಯೂಜೆರ್ಸಿ ರಾಜ್ಯದ ಬೆಲ್ ಲ್ಯಾಬ್ಸ್‌ನಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಎಂಬ ಚಿಪ್ಪಿನ ಕಲ್ಪನೆ ಮಾಡಿದರು. ಗಾಜಿನ ಟ್ಯೂಬ್ ಮಾಡೋ ಕೆಲಸವನ್ನ ಸಿಲಿಕಾನ್ ಮಾಡಬಹುದು ಅಂತ ತೋರಿಸಿದ್ದಕ್ಕೆ ಅವರಿಗೆ 2009ರಲ್ಲಿ ನೊಬೆಲ್ ಬಂತು. 1990ರ ದಶಕದಲ್ಲಿ ನಾಸಾದ ಜೆಪಿಎಲ್‌ನಲ್ಲಿ ಎರಿಕ್ ಫೋಸಮ್ ಮತ್ತು ತಂಡ ಸೀಮಾಸ್ ಸೆನ್ಸರ್‌ನ ಈಗಿನ ರೂಪವನ್ನ ತಯಾರು ಮಾಡಿದರು. ಅದು ಕಡಿಮೆ ಕರೆಂಟ್ ಕುಡಿಯುತ್ತೆ, ಮಾಮೂಲಿ ಚಿಪ್ ಮಾಡೋ ಕಾರ್ಖಾನೆಯಲ್ಲೇ ಆಗುತ್ತೆ. ಕ್ಯಾಮೆರಾ ಫೋನಿನೊಳಗೆ ಹೋಗೋಕೆ ಸಾಧ್ಯವಾದದ್ದು ಹಾಗೆ.

ಒಂದು ರಾತ್ರಿ ನಾವು ಪೇಟೆಂಟ್ ಡ್ರಾಯಿಂಗ್ ಒಂದು ಕಡೆ, ಒಡೆದ ಫೋನ್ ಇನ್ನೊಂದು ಕಡೆ ಇಟ್ಕೊಂಡು ಹೋಲಿಸಿದ್ವಿ. ಕ್ಯಾಮೆರಾ ಇದೆ. ಮೈಕ್, ಸ್ಪೀಕರ್ ಇದೆ. ರೇಡಿಯೊ ಇದೆ, ವೈಫೈ ಅಂದ್ರೂ ರೇಡಿಯೊನೇ. ಪರದೆ ಇದೆ, ಒಡೆದಿದ್ದರೂ ಸರಿ. ಮೇರಿಯವರ ಹತ್ರ ಇಲ್ಲದ ಒಂದು ವಸ್ತುವೂ ಇದೆ, ಬ್ಯಾಟರಿ. ಕರೆಂಟ್ ಹೋದರೂ ಫೋನ್ ನೋಡ್ತಾನೇ ಇರುತ್ತೆ. ಆದರೆ ರೂಟರ್ ಆಫ್ ಆದರೆ ನೋಡಿದ್ದನ್ನ ಹೇಳೋಕಾಗಲ್ಲ, ಇದು ನಮಗೆ ಎರಡನೇ ದಿನವೇ ಗೊತ್ತಾಯ್ತು. ಕತ್ತಲಲ್ಲಿ ಏನೂ ಕಾಣಲ್ಲ, ಸಿಸಿಟಿವಿಯಲ್ಲಿರೋ ಇನ್‌ಫ್ರಾರೆಡ್ ದೀಪ ಫೋನಲ್ಲಿ ಇಲ್ಲ, ಬಾಗಿಲ ಹತ್ತಿರ ಒಂದು ಬಲ್ಬ್ ಬೇಕೇ ಬೇಕು. ಹಳೇ ಬ್ಯಾಟರಿಯನ್ನ ದಿನವಿಡೀ ಚಾರ್ಜಿಗೆ ಹಾಕಿಟ್ಟರೆ ಬಿಸಿಯಾಗಿ ಊದಿಕೊಳ್ಳುತ್ತೆ, ಅದು ಚಪ್ಪಲಿ ಕಳ್ಳತನಕ್ಕಿಂತ ದೊಡ್ಡ ಅಪಾಯ. ನಾವು ಈಗ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮಾತ್ರ ಚಾರ್ಜ್ ಹಾಕ್ತೀವಿ, ಬಿಸಿಲು ಬೀಳೋ ಕಿಟಕಿಯಲ್ಲಿ ಇಡಲ್ಲ.

ಹೋಲಿಸಿದಾಗ ಫೋನಲ್ಲಿ ಸಿಗದೇ ಹೋದದ್ದು ಎರಡೇ, ಆ ಎರಡು ಬಟನ್. ಬೀಗ ತೆರೆಯೋದು, ಸಹಾಯ ಕರೆಯೋದು. ಹಳೇ ಫೋನ್ ನೋಡುತ್ತೆ, ರೆಕಾರ್ಡ್ ಮಾಡುತ್ತೆ, ನಾಯಿ ಹೋದ ಮೇಲೆ ನಾಯಿ ಬಂದಿತ್ತು ಅನ್ನುತ್ತೆ. ಮೇರಿಯವರಿಗೆ ಮುಖ್ಯವಾಗಿದ್ದದ್ದು ಆಮೇಲಿನ ಸಾಕ್ಷಿ ಅಲ್ಲ, ಬಾಗಿಲು ತೆರೆಯೋಕೆ ಮುಂಚಿನ ಆ ಒಂದು ನಿಮಿಷ. ಹಾಗಾಗಿ ಫೋನ್ ಕ್ಯಾಮೆರಾ ಹಾಕಿಕೊಳ್ಳೋರು, ಅದರಲ್ಲೂ ಮನೇಲಿ ಒಬ್ಬರೇ ಇರೋ ಹುಡುಗಿಯರು, ನೋಟಿಫಿಕೇಶನ್ ಬಂದರೆ ಯಾರಿಗೆ ಫೋನ್ ಮಾಡೋದು ಅಂತ ಮೊದಲೇ ನಿರ್ಧಾರ ಮಾಡಿಟ್ಟುಕೊಳ್ಳಿ. ನಮ್ಮಲ್ಲಿ 112 ಇದೆ, ಪಕ್ಕದ ಮನೆಯವರ ನಂಬರ್ ಇದೆ. ನಾವು ಅಜ್ಜಿ ನಂಬರ್ ಇಟ್ಕೊಂಡಿದ್ದೀವಿ. ಅವರೂ ನಮ್ಮದನ್ನ ಇಟ್ಕೊಂಡಿದ್ದಾರೆ. ನಾಯಿ ಬಂದರೆ ಕ್ಯಾಮೆರಾಗಿಂತ ಮುಂಚೆ ಅಜ್ಜಿ ಫೋನ್ ಬರುತ್ತೆ.

ಮೇರಿ ಕೊನೆವರೆಗೂ ಕ್ವೀನ್ಸ್‌ನಲ್ಲೇ ಇದ್ದರು. ಮಗಳು ಅಮ್ಮನ ಹಾಗೇ ನರ್ಸ್ ಆದಳು, ಅಮ್ಮನ ಹಾಗೇ ಹೊಸ ವಸ್ತುಗಳನ್ನ ಕಂಡುಹಿಡಿಯುವ ಕಡೆಗೂ ಹೋದಳು. 1999ರ ಫೆಬ್ರವರಿ 2ರಂದು ಮೇರಿ ತೀರಿಕೊಂಡರು, ವಯಸ್ಸು 76. ಅದಾಗಿ ಮೂರು ತಿಂಗಳಿಗೆ, ಅದೇ ವರ್ಷದ ಮೇ ತಿಂಗಳಲ್ಲಿ, ಜಪಾನಿನ ಕ್ಯೋಸೆರಾ ಕಂಪನಿ ವಿಪಿ-210 ಎಂಬ ಮೊಬೈಲ್ ಫೋನನ್ನ ಮಾರುಕಟ್ಟೆಗೆ ತಂದಿತು. ಸೆಕೆಂಡಿಗೆ ಎರಡೇ ಚಿತ್ರ ಕಳಿಸುತ್ತಿತ್ತು, ಆದರೆ ಅದರ ಮೈಮೇಲೆ ಒಂದು ಕ್ಯಾಮೆರಾ ಇತ್ತು.